ಪರಿಮಳದ ಅಕ್ಕಿಯ ಬೆನ್ನು ಹತ್ತಿ

ನಡುವಯಸ್ಸಿನಲ್ಲಿ ಪಿಎಚ್.ಡಿ.ಗೆ ಸೇರಿದವನಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ.

ಮೂಡುಬಿದಿರೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ನಲವತ್ತೇಳಕ್ಕೆ ಸಂಶೋಧನೆ ಹಿಡಿದೆ. ಊರಿನ ಭತ್ತದ ತಳಿಗಳ ಡಿಎನ್‌ಎ ತೆಗೆದು, ಕಂಪ್ಯೂಟರಿನಲ್ಲಿ ಹೋಲಿಸಿ, ಯಾವುದಕ್ಕೆ ಯಾವುದು ನೆಂಟ ಎಂದು ಹೇಳುವುದು. ಕಾಗದದ ಮೇಲೆ ಹಾಗೆ. ನಾನು ಹುಡುಕಿದ್ದು ಒಂದೇ ತಳಿ. ಅಮ್ಮ ಗಂಜಿ ಬೇಯಿಸುತ್ತಿದ್ದ ಕೆಂಪಕ್ಕಿ. ಬೆಂದರೆ ಗೇಟಿನವರೆಗೆ ಪರಿಮಳ. ಅಮ್ಮ ಹೋದರು. ಅಕ್ಕಿ ಅದಕ್ಕೂ ಮೊದಲೇ ಹೋಗಿತ್ತು.

ಐಸ್ ಪೆಟ್ಟಿಗೆ

ಮಾಣಿ ಎಂಬ ಊರಿನ ಹತ್ತಿರ ಭತ್ತದ ಎಲೆ ಕಿತ್ತು, ಐಸ್ ತುಂಬಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ಬಸ್ ಹತ್ತಿದೆ.

"ಮೀನಾದರೆ ಹಿಂದೆ ಹೋಗಿ" ಎಂದ ಕಂಡಕ್ಟರ್.

"ಮೀನಲ್ಲ."

ಪಾಣೆಮಂಗಳೂರಿನಲ್ಲಿ ಹತ್ತಿದ ಹೆಂಗಸೊಬ್ಬರು ಪಕ್ಕದಲ್ಲಿ ಕೂತರು. "ಬಂಗುಡೆ ಉಂಟಾ ಮಾರಾಯ್ರೆ?"

ಮುಚ್ಚಳ ತೆಗೆದು ತೋರಿಸಿದೆ.

ಅವರು ಬಗ್ಗಿ ನೋಡಿದರು. ನನ್ನ ಮುಖವನ್ನೂ ನೋಡಿದರು. "ನಿಮ್ಮ ದನಕ್ಕೆ ಐಸ್ ಹಾಕಿದ ಹುಲ್ಲೇ ಆಗಬೇಕಾ?"

ಆಯುಧಪೂಜೆ

ತಳಿಗಳನ್ನು ಹೋಲಿಸಲು ಕಾಲೇಜಿನ ಕಂಪ್ಯೂಟರಿಗೆ ನಾಲ್ಕು ದಿನ ಬೇಕಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಬಂದು ನೋಡಿದರೆ ಆರಿದೆ. ಮಾನಿಟರಿಗೆ ಸೇವಂತಿಗೆ ಹಾರ, ಕುಂಕುಮ.

"ಯಾರು ಆಫ್ ಮಾಡಿದ್ದು?"

"ನಾನೇ ಸಾರ್" ಎಂದ ಅಟೆಂಡರ್. "ಕೆಲಸ ಮಾಡ್ತಾ ಇರುವಾಗ ಪೂಜೆ ಮಾಡಲಿಕ್ಕುಂಟಾ? ಇವತ್ತು ಅದಕ್ಕೂ ರಜೆ."

"ಮೂರು ದಿನದ ಕೆಲಸ ಹೋಯ್ತಲ್ಲ!"

"ಪುನಃ ಶುರು ಮಾಡುವ ಸಾರ್. ಪೂಜೆ ಆಗಿದೆಯಲ್ಲ, ಈ ಸಲ ಬೇಗ ಆಗ್ತದೆ."

ಕೊನೆಯ ತೆನೆ

ಬೆಳ್ತಂಗಡಿಯ ಆಚೆ ಒಂದು ಮನೆಯ ಕಂಬಕ್ಕೆ ಪೂಜೆಗೆಂದು ಕಟ್ಟಿದ ಆ ತಳಿಯ ತೆನೆ ಇದೆ ಎಂದು ಗೊತ್ತಾಯಿತು. ಓಡಿದೆ. ಹೊಸ ಪೈರಿನ ತೆನೆ ಕಟ್ಟುವಾಗ ಮಾತ್ರ ಹಳೆಯದನ್ನು ಬಿಚ್ಚುವುದು ಅವರ ಕ್ರಮ. ಬೇಸಾಯ ನಿಂತ ಮೇಲೆ ಬಿಚ್ಚಿರಲಿಲ್ಲ.

ಅಮ್ಮನ ಗಂಜಿಯ ಕಥೆ ಹೇಳಿ ಐದು ಕಾಳು ಕೇಳಿದೆ. ಪರಿಮಳದ್ದೇ ಎಂದರು ಮನೆಯ ಅಜ್ಜಿ, ಕೊಡಲು ಮಾತ್ರ ಒಪ್ಪಲಿಲ್ಲ. "ಹೊಸ ತೆನೆ ತನ್ನಿ. ಹಳತು ಕೊಂಡುಹೋಗಿ. ನೀವೇ ಬೆಳೆದದ್ದಾಗಬೇಕು."

ಮನೆಯ ಹಿಂದೆ ಬಾಲ್ದಿಯಲ್ಲಿ ಭತ್ತ ಹಾಕಿದೆ. ನಾಲ್ಕು ತಿಂಗಳು ಕಾದೆ. ತೆನೆ ಕೊಟ್ಟು ತೆನೆ ತಂದೆ. ಬಸ್ಸಿನಲ್ಲಿ ಮೂಸಿ ನೋಡಿದೆ. ಹೊಗೆಯ ವಾಸನೆ ಮಾತ್ರ.

ಸಂಶೋಧನೆಯ ಐದನೆಯ ವರ್ಷ ಕಂಪ್ಯೂಟರಿನ ಉತ್ತರ ಬಂತು. ಎಲ್ಲರ ಗದ್ದೆಯಲ್ಲೂ ಇರುವ ಸಾದಾ ತಳಿ. ಪರಿಮಳವಿಲ್ಲದ್ದು.

ಕೇಳಿಬರುವ ಎಂದು ಮತ್ತೆ ಹೋದೆ. ಅಂಗಳದಲ್ಲೇ ಸೊಸೆ ತಡೆದರು. "ಅಸಲು ತೆನೆಯನ್ನು ಇಲಿ ತಿಂದಿತ್ತು ಸಾರ್. ನೆರೆಮನೆಯಿಂದ ತಂದು ನಾನೇ ಕಟ್ಟಿದ್ದು. ಅತ್ತೆ ದಿನಾ ಕೈ ಮುಗಿಯುತ್ತಿದ್ದರು. ಹೇಳಬೇಡಿ ಮಾರಾಯ್ರೆ."

ಅಜ್ಜಿ ಚಾವಡಿಯಲ್ಲಿ ಕಾಯುತ್ತಿದ್ದರು. "ನಿಮ್ಮ ಮಿಷನ್ ಏನು ಹೇಳಿತು? ಪರಿಮಳದ್ದೇ ಅಲ್ವಾ?"

ಬಾಗಿಲ ಸಂದಿಯಲ್ಲಿ ಸೊಸೆ. ನನ್ನ ಚೀಲದಲ್ಲಿ ವರದಿ.

"ಅದೇ" ಎಂದೆ.

"ನಿಮ್ಮ ಅಮ್ಮ ಬೇಯಿಸುತ್ತಿದ್ದದ್ದೇ?"

ಚೀಲದ ಬಾಯಿ ಮುಚ್ಚಿದೆ. "ಅದೇ."

ಅಜ್ಜಿ ಎಲೆಯಡಿಕೆಯ ಬಟ್ಟಲು ನನ್ನ ಕಡೆ ತಳ್ಳಿದರು. "ನಾನು ಆವತ್ತೇ ಹೇಳಿದ್ದೆ. ಇಷ್ಟಕ್ಕೆ ಐದು ವರ್ಷ ಓದಬೇಕಿತ್ತಾ?"