ಗಣಿಯೋ ಆಟವೋ

ಕರೆಂಟ್ ಬಿಲ್ ನೋಡಿದ ಅಕ್ಕ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು. "ಈ ಮನೇಲಿ ಇರೋದಾದ್ರೆ ಒಂದೇ ಮಿಷಿನ್. ನಿಂದೋ, ನಿನ್ನ ಭಾವಂದೋ. ಯಾವುದು ಜಾಸ್ತಿ ಕರೆಂಟ್ ತಿನ್ನುತ್ತೋ ಅದು ಇವತ್ತೇ ಬೀದಿಗೆ!"

ತಮ್ಮರಾಯ ಎರಡೂ ಕೈಯಲ್ಲಿ ತನ್ನ ಕಂಪ್ಯೂಟರ್ ತಬ್ಬಿಕೊಂಡ. ಕೊರಿಯರ್ ಆಫೀಸಿನಲ್ಲಿ ವಾರವಿಡೀ ಪಾರ್ಸಲ್ ತೂಗುವ ಅವನಿಗೆ ಇದ್ದ ಸುಖ ಒಂದೇ, ಕಂಪ್ಯೂಟರಿನಲ್ಲಿ ಕಾರ್ ರೇಸ್. ಆ ಆಟದ ಆನ್‌ಲೈನ್ ಪಂದ್ಯದ ಫೈನಲ್ ಅಂದು ಸಂಜೆಯೇ. ಭಾವನವರದು ಬೇರೆ ಹುಚ್ಚು. ಉಗ್ರಾಣದಲ್ಲಿ ಫ್ಯಾನುಗಳಿರುವ ದೊಡ್ಡ ಕಂಪ್ಯೂಟರ್ ಯಂತ್ರ ಹೂಡಿ, ಹಗಲೂ ರಾತ್ರಿ ಲೆಕ್ಕ ಮಾಡಿಸಿ ಕ್ರಿಪ್ಟೋ ಎಂಬ ಇಂಟರ್ನೆಟ್ ನಾಣ್ಯ ಗಳಿಸುವ ಗಣಿಗಾರಿಕೆ ನಡೆಸಿದ್ದರು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನೋಣವೆಂದರೆ ಇಲಿಯೂ ಸಿಕ್ಕಿರಲಿಲ್ಲ, ಬರೀ ಬಿಸಿಗಾಳಿ ಬರುತ್ತಿತ್ತು.

"ದಿನಾ ನಿನ್ನ ಕಾರು ಓಡಿದ್ರೆ ಬಿಲ್ ಏರದೆ ಇನ್ನೇನಾಗುತ್ತೆ?" ಎಂದರು ಭಾವ.

"ನಂದು ಸಂಜೆ ಮಾತ್ರ. ನಿಮ್ಮದು ನಿದ್ದೇನೇ ಮಾಡಲ್ಲ!"

ಜಗಳ ಬಗೆಹರಿಸಲು ಪಕ್ಕದ ಮನೆಯ ವೈರ್‌ಮನ್ ಬಂದ. ಅವನ ಹಿಂದೆ, ಯಾರೂ ಕರೆಯದಿದ್ದರೂ, ಮಹಡಿ ಮೇಲಿನ ಟೀಚರಮ್ಮ ಬಂದರು. "ಒಂದೊಂದೇ ಓಡ್ಸಿ ಮೀಟರ್ ನೋಡೋಣ. ದೀಪ ಬೇಗ ಬೇಗ ಮಿಟುಕಿದಷ್ಟೂ ಕರೆಂಟ್ ಜಾಸ್ತಿ" ಎಂದ ವೈರ್‌ಮನ್.

ಮೊದಲು ಗಣಿ. ಮೀಟರಿನ ಕೆಂಪು ದೀಪ ಕಣ್ಣಿಗೆ ಧೂಳು ಬಿದ್ದವರಂತೆ ಪಟಪಟ ಬಡಿದುಕೊಂಡಿತು. ತಮ್ಮರಾಯ ಕುಣಿದಾಡಿದ. ಗಣಿ ನಿಲ್ಲಿಸಲು ಹೋದರೆ ಟೀಚರಮ್ಮ ಉಗ್ರಾಣದ ಬಾಗಿಲಿಗೆ ಅಡ್ಡ ನಿಂತರು. "ಅಯ್ಯೋ, ಬೇಡಪ್ಪ! ನನ್ನ ಬೆಡ್‌ಶೀಟ್ ಇನ್ನೂ ಒಣಗಿಲ್ಲ!" ಆ ಬಿಸಿಗಾಳಿಗೆ ಅವರು ಗುಟ್ಟಾಗಿ ಹಗ್ಗ ಕಟ್ಟಿ ಬಟ್ಟೆ ಹರವಿದ್ದರು. ಎಳೆದಾಟದಲ್ಲಿ ಹಗ್ಗ ಕಿತ್ತುಹೋಗಿ, ತಮ್ಮರಾಯ ಒದ್ದೆ ಬೆಡ್‌ಶೀಟ್ ಸುತ್ತಿಕೊಂಡು ಭೂತದಂತೆ ಹೊರಬಂದ.

ಮುಂದೆ ಆಟದ ಸರದಿ. "ಸುಮ್ನೆ ಆನ್ ಮಾಡಿಟ್ರೆ ಲೆಕ್ಕಕ್ಕಿಲ್ಲ, ಯಾರಾದ್ರೂ ಆಡ್ತಾ ಇರ್ಬೇಕು" ಎಂದ ವೈರ್‌ಮನ್. ಮೀಟರ್ ನೋಡುವ ಕೆಲಸವನ್ನು ಬೇರೆಯವರಿಗೆ ಬಿಡಲು ತಮ್ಮರಾಯನಿಗೆ ಧೈರ್ಯವಿಲ್ಲ. "ಭಾವ, ನೀವೇ ಆಡಿ. ಈ ಗುಂಡಿ ಒತ್ತಿದ್ರೆ ಕಾರು ಓಡುತ್ತೆ, ಅಷ್ಟೇ."

ಭಾವ ಗೊಣಗುತ್ತಾ ಆಡಲು ಕೂತರು; ಹೊರಗೆ ಮೀಟರಿನ ದೀಪ ತೂಕಡಿಸುತ್ತಾ ಆಗೊಮ್ಮೆ ಈಗೊಮ್ಮೆ ಮಿಟುಕಿತು. ವೈರ್‌ಮನ್ ಆಟವೇ ಗೆದ್ದಿತೆಂದು ಸಾರಿದ. ಅಕ್ಕ ಕೈಯಾರೆ ಗಣಿಯ ಪ್ಲಗ್ ಕಿತ್ತಳು. ಟೀಚರಮ್ಮ ಬೆಡ್‌ಶೀಟಿನಲ್ಲೇ ಕಣ್ಣೊರೆಸಿಕೊಂಡರು.

ತಮ್ಮರಾಯ ಮೀಸೆ ತಿರುವುತ್ತಾ ಒಳಗೆ ಬಂದ. ಫೈನಲ್ ಇನ್ನೇನು ಶುರುವಾಗಲಿತ್ತು. "ಏಳಿ ಭಾವ."

"ತಡಿಯೋ, ತಿರುವು ಬಂತು!" ಭಾವ ಪರದೆಯಿಂದ ಕಣ್ಣು ಕೀಳಲಿಲ್ಲ.

"ಭಾವ, ನನ್ನ ಫೈನಲ್!"

"ನನ್ನ ಗಣಿ ಮುಚ್ಚಿಸಿದ್ದು ಯಾರು? ಇನ್ನು ನನಗೆ ಬೇರೆ ಕೆಲಸ ಏನಿದೆ?"

ತಮ್ಮರಾಯ ಅಕ್ಕನ ಮುಂದೆ ಗೋಗರೆದ. ಗಂಡ ಉಗ್ರಾಣ ಬಿಟ್ಟು ಮನುಷ್ಯರ ನಡುವೆ ಕೂತದ್ದನ್ನು ಕಂಡು ಅವಳಿಗೆ ಸಂತೋಷವಾಗಿಬಿಟ್ಟಿತ್ತು.

"ಆಡ್ಲಿ ಬಿಡೋ. ಅದು ಕರೆಂಟೇ ತಿನ್ನಲ್ಲ ಅಂತ ನೀನೇ ತಾನೆ ತೋರ್ಸಿದ್ದು? ಇನ್ಮೇಲೆ ಅವರು ಹಗಲೂ ರಾತ್ರಿ ಆಡಿದ್ರೂ ನಾನು ಕೇಳಲ್ಲ!"