ತಪ್ಪು ಹೇಳಿದವರಿಗೆ ಶಾಲು, ಪೇಟ

ಬೇಡದ ಸಲಹೆ ಬೀದಿಗೆ ಹತ್ತು ಸಿಗುತ್ತೆ, ಬೇಕಾದ ಒಂದು ಮಾತು ಗೋಗರೆದರೂ ಹುಟ್ಟೋದಿಲ್ಲ. ಹಳೇಬೀಡಿನ ಲಾಡ್ಜೊಂದರ ಆಫೀಸಿನಲ್ಲಿ ಕೂತಿದ್ದ ವರ್ಷಗಳಲ್ಲಿ ನನಗೆ ಇದು ಎಷ್ಟು ಸಲ ಆಯಿತೋ, ಲೆಕ್ಕ ಇಡುವ ಉತ್ಸಾಹವೂ ಇರಲಿಲ್ಲ.

ಊರಿಗೆ ಊರೇ ವೆಬ್‌ಸೈಟ್ ಮಾಡಿಸುತ್ತಿದ್ದ ಕಾಲ. ನಮ್ಮ ಮಾಲೀಕರೂ ಒಂದು ಮಾಡಿಸಿದರು. ಅದರಲ್ಲಿ ಲಾಡ್ಜಿಗೆ ಬರುವ ದಾರಿಯೇ ತಪ್ಪು. ನಂಬಿ ಹೊರಟವರೆಲ್ಲ ಹುಲಿಕೆರೆಯ ಕಲ್ಯಾಣಿ ಮುಂದೆ ನಿಂತು ನನಗೆ ಫೋನ್ ಮಾಡೋರು. ದಾರಿ ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಯಿತು.

"ಸರ್, ಅದನ್ನ ತಿದ್ದಿಸಿ" ಅಂದರೆ, "ನೀವು ಒಳಗಿನೋರು ಮೇಡಂ, ನಿಮಗೆ ಎಲ್ಲಾ ತಪ್ಪಾಗೇ ಕಾಣುತ್ತೆ. ಗಿರಾಕಿ ಹೇಳಲಿ, ಆಮೇಲೆ ನೋಡೋಣ" ಅಂದರು. ಪಾಸ್‌ವರ್ಡ್ ಅವರ ಹತ್ತಿರ. ಸರಿ, ಗಿರಾಕಿಗಳೇ ಹೇಳಲಿ ಅಂತ ಕಾಡಿ ಬೇಡಿ ವೆಬ್‌ಸೈಟಿಗೆ 'ನಿಮ್ಮ ಅಭಿಪ್ರಾಯ' ಅನ್ನೋ ಪುಟ ಹಾಕಿಸಿದೆ.

ಎಲ್ಲಾ ಚೆನ್ನಾಗಿತ್ತು

ಗಂಡಸಿ ಊರಿನ ಕಡೆಯ ದೊಡ್ಡಮ್ಮ ಒಬ್ಬರು ಮಗಳ ಜೊತೆ ಬಂದರು. ಹುಲಿಕೆರೆಗೆ ಹೋಗಿ, ಅಲ್ಲಿಂದ ಬಿಸಿಲಲ್ಲಿ ಬ್ಯಾಗು ಹೊತ್ತು ನಡೆದು ಬಂದಿದ್ದರು. "ಯಾವನಮ್ಮ ಆ ದಾರಿ ಬರ್ದೋನು? ಅವನ ಕಾಲು ಸೇದೋಗ" ಅಂತ ಎರಡು ದಿನವೂ ಬೈದರು. ನನಗೆ ಕಿವಿಗೆ ಜೇನು ಸುರಿದ ಹಾಗಾಯಿತು. ಹೊರಡುವಾಗ ಕಂಪ್ಯೂಟರ್ ಮುಂದೆ ಕೂರಿಸಿ, "ಇದನ್ನೇ ಹೇಳಿ ದೊಡ್ಡಮ್ಮ, ನಿಮ್ಮ ಮಗಳು ಟೈಪ್ ಮಾಡ್ತಾರೆ" ಅಂದೆ.

ಅವರು ಸೆರಗು ಸರಿಮಾಡಿಕೊಂಡು ಹೇಳಿದರು: "ಎಲ್ಲಾ ಚೆನ್ನಾಗಿತ್ತು ಅಂತ ಬರಿಯೇ."

"ಅಯ್ಯೋ, ದಾರಿ ವಿಷಯ?"

"ಉಂಡ ಮನೆ ಜಂತೆ ಎಣಿಸಬಾರ್ದು ಕಣಮ್ಮ. ಬೈದಿದ್ದು ಕೇಳೋಕೆ ನೀನಿದ್ದೆಯಲ್ಲ!"

ಬಹುಮಾನ ಇಟ್ಟಿದ್ದು

ತಿಂಗಳುಗಟ್ಟಲೆ 'ಸೂಪರ್', 'ಶುಭವಾಗಲಿ' ಬಿಟ್ಟರೆ ಏನೂ ಬರಲಿಲ್ಲ. ಮಾಲೀಕರು ಓದಿ ಓದಿ ಉಬ್ಬಿದರು. ಕೊನೆಗೆ ನಾನೇ, "ಉಪಯೋಗಕ್ಕೆ ಬರೋ ತಪ್ಪು ತೋರಿಸಿದೋರಿಗೆ ಬಹುಮಾನ ಕೊಡೋಣ ಸರ್" ಅಂದೆ. ಒಪ್ಪಿದರು.

ಬಹುಮಾನ ಅಂದದ್ದೇ ತಡ, ಗಿರಾಕಿಗಳು ಉಂಡ ಮನೆಯ ಜಂತೆಯನ್ನೆಲ್ಲ ಎಣಿಸಿಬಿಟ್ಟರು. ದಿಂಬು ದಪ್ಪ, ಸಾಂಬಾರು ತೆಳು, ನಾನು ನಗೋದಿಲ್ಲ. ಕೊನೆಯದು ನಿಜ. ದಾರಿಯ ಬಗ್ಗೆ ಒಬ್ಬರೂ ಉಸಿರೆತ್ತಲಿಲ್ಲ. ಒಬ್ಬರಂತೂ, "ಹಳೇಬೀಡಿನ ದೇವಸ್ಥಾನದ ಮೇಲೆ ಗೋಪುರ ಇಲ್ಲ. ಗಮನಿಸಿ, ಬೇಗ ಸರಿಪಡಿಸುವುದು" ಅಂತ ಬರೆದಿದ್ದರು.

ನಾನು ನಕ್ಕೆ. ಮಾಲೀಕರು ನಗಲಿಲ್ಲ. ಗಂಭೀರವಾಗಿ ಕೇಳಿದರು: "ಅದು ನಮ್ಮ ಕಾಂಪೌಂಡಿನ ಒಳಗೆ ಬರಲ್ಲ ಅಲ್ವಾ ಮೇಡಂ?"

ಸನ್ಮಾನ

ಅಂತೂ ಒಂದು ದಿನ ಗೆಂಡೆಹಳ್ಳಿಯ ಮೇಷ್ಟ್ರೊಬ್ಬರು ಬರೆದರು: "ನಿಮ್ಮ ವೆಬ್‌ಸೈಟಿನಲ್ಲಿ ಹಳೇಬೀಡು ಸಿಗುವ ಮೊದಲೇ ತಿರುಗಿ ಎಂದಿದೆ. ತಿರುಗಿದರೆ ಹುಲಿಕೆರೆ. ಊರೊಳಗೆ ಬಂದು ತಿರುಗಬೇಕು. ದಯವಿಟ್ಟು ತಿದ್ದಿ." ಓದಿ ನನಗೆ ಅಳುವೇ ಬಂತು.

ಮಾಲೀಕರಿಗೂ ಖುಷಿಯೋ ಖುಷಿ. "ನೋಡಿ, ಇಂಥ ಸಲಹೆ ಬೇಕು! ಇವರಿಗೆ ಸನ್ಮಾನ ಮಾಡ್ಲೇಬೇಕು."

"ಮೊದಲು ದಾರಿ ತಿದ್ದೋಣ ಸರ್."

"ದಾರಿ ಎಲ್ಲಿ ಓಡಿಹೋಗುತ್ತೆ ಮೇಡಂ? ಸನ್ಮಾನ ಮುಗೀಲಿ."

ಲಾಡ್ಜಿನ ಮುಂದೆ ಶಾಮಿಯಾನ ಎದ್ದಿತು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲಾ ಬಂತು. ಮುಖ್ಯ ಅತಿಥಿಗಳು ಮೈಸೂರಿನ ನಿವೃತ್ತ ಅಧಿಕಾರಿ. ಅವರು ಮಾತ್ರ ಬರಲಿಲ್ಲ. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು, ಸ್ವಾಗತ ಇನ್ನೊಂದು ಸಲ ಆಯಿತು. ಜನ ಬುಟ್ಟಿಯ ಬಾಳೆಹಣ್ಣನ್ನೇ ನೋಡತೊಡಗಿದಾಗ, ಮಾಲೀಕರು ಮೇಷ್ಟ್ರ ತಲೆಗೆ ಪೇಟ ಇಟ್ಟೇಬಿಟ್ಟರು.

ಆಫೀಸಿನ ಫೋನ್ ಬಡಿದುಕೊಂಡಿತು. ಓಡಿದೆ.

"ಏನ್ರೀ, ಒಂದು ಗಂಟೆಯಿಂದ ಕೊಳ ಸುತ್ತುತಾ ಇದೀನಿ. ನಿಮ್ಮ ಲಾಡ್ಜ್ ಎಲ್ರೀ?"

"ದಾರಿ ಯಾರು ಹೇಳಿದ್ದು ಸರ್?"

"ಯಾರ್ಯಾಕೆ ಹೇಳ್ಬೇಕು? ನಿಮ್ಮ ವೆಬ್‌ಸೈಟಲ್ಲೇ ಇದೆಯಲ್ರೀ!"

ಬಂದು ಮೈಕಿನ ಹತ್ತಿರ ನಿಂತಿದ್ದ ಮಾಲೀಕರ ಕಿವಿಯಲ್ಲಿ ಹೇಳಿದೆ. ಮೈಕ್ ಆನ್ ಇತ್ತು. ಶಾಮಿಯಾನದ ಕೊನೆಯ ಸಾಲಿನವರೂ ಹೋ ಅಂತ ನಕ್ಕರು. ಮೇಷ್ಟ್ರು ಎದ್ದು, ಪೇಟ ಶಾಲಿನ ಸಮೇತ ಸ್ಕೂಟರ್ ಹತ್ತಿ ಹುಲಿಕೆರೆಗೆ ಹೋದರು. ಅತಿಥಿಗಳ ಕಾರನ್ನು ಹಿಂದೆ ಹಾಕಿಕೊಂಡು ಬಂದರು. ದಾರಿಯುದ್ದಕ್ಕೂ ಜನ ಯಾವುದೋ ಮದುವೆಯ ದಿಬ್ಬಣ ಅಂದುಕೊಂಡು ಸರಿದು ನಿಂತರಂತೆ.

ಎಲ್ಲಾ ಮುಗಿದ ಮೇಲೆ ಮಾಲೀಕರು ಬೆವರು ಒರೆಸಿಕೊಳ್ಳುತ್ತಾ ನನ್ನ ಮೇಜಿನ ಹತ್ತಿರ ಬಂದರು. ಮುಖ ಸಣ್ಣದಾಗಿತ್ತು. "ನೀವು ಹೇಳ್ತಿದ್ದದ್ದು ನಿಜ ಮೇಡಂ. ನಾಳೆಯೇ ಸರಿ ಮಾಡಿಸ್ತೀನಿ" ಅಂದರು.

ಇಷ್ಟು ವರ್ಷಕ್ಕೆ ಗೆದ್ದೆನಲ್ಲ ಅಂತ ನಾನು ಕುರ್ಚಿಗೆ ಒರಗಿದೆ. ಅವರು ಮುಂದುವರಿಸಿದರು:

"ವೆಬ್‌ಸೈಟ್ ಪೂಜೆ ಮಾಡಿ ಶುರು ಮಾಡಿರೋದು, ಅದರಲ್ಲಿ ಮೊದಲಿಂದ ಇರೋದನ್ನ ಮುಟ್ಟೋದು ಬೇಡ. ಹುಲಿಕೆರೆ ಕೊಳದ ಹತ್ರ 'ಲಾಡ್ಜ್ ಇಲ್ಲಿಲ್ಲ' ಅಂತ ದೊಡ್ಡದಾಗಿ ಒಂದು ಬೋರ್ಡ್ ಹಾಕಿಸಿಬಿಡೋಣ."