ಪಡಸಾಲೆಗೆ ಬಂದ ಆಮದು ಸುಂಕ

ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿರುವ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಲೇಬೇಕು. ಆಮದು ಸುಂಕ ಎಂದರೇನು ಎಂಬುದು ನನಗೆ ಗೊತ್ತೇ ಇರಲಿಲ್ಲ. ಎರಡು ಅಂಕದ ಪ್ರಶ್ನೆಗೆ ಬೇಕಾದಷ್ಟು ಗೊತ್ತಿತ್ತು; ನಾನು ಬರೆಸುತ್ತಿದ್ದೆ, ಮಕ್ಕಳು ಬರೆದುಕೊಂಡು ಮರೆಯುತ್ತಿದ್ದರು. ಅದು ಎಲ್ಲೋ ಬಂದರಿನಲ್ಲಿ, ಹಡಗುಗಳ ನಡುವೆ, ಟೊಪ್ಪಿಗೆ ಹಾಕಿದ ಸಾಹೇಬರು ನೋಡಿಕೊಳ್ಳುವ ವ್ಯವಹಾರ ಎಂದೇ ನಂಬಿದ್ದೆ. ನಮ್ಮ ಶಹಾಪುರಕ್ಕೆ ಸಮುದ್ರ ಎಲ್ಲಿಂದ ಬರಬೇಕು? ಆ ಸುಂಕ ನೇರ ನಮ್ಮ ಪಡಸಾಲೆಗೆ ಬಂದು, ಇಡೀ ಮನೆಯವರು ಮೈ ಕೆರೆದುಕೊಳ್ಳುತ್ತ ಕೂರುವಂತೆ ಮಾಡುತ್ತದೆ ಎಂದು ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ.

ಗೋಗಿಯ ಹತ್ತಿರ ನಮಗೆ ನಾಲ್ಕೆಕರೆ ಹೊಲವಿದೆ. ಸಂಕ್ರಾಂತಿಯ ಹೊತ್ತಿಗೆ ಹತ್ತಿ ಬಿಡಿಸಿ ಮನೆಗೆ ತಂದೆವು. ನನ್ನ ಹೆಂಡತಿ ನೀಲಮ್ಮ ಅಂದೇ ಹೇಳಿದಳು, "ಬಂದ ರೇಟಿಗಿ ಕೊಟ್ಟ ಬಿಡ್ರಿ." ನಾನು ದಿನಾ ಪೇಪರ್ ಓದುವ ಮನುಷ್ಯ. "ನಿನಗ ತಿಳಿಯಂಗಿಲ್ಲ ಸುಮ್ನಿರು, ಬ್ಯಾಸಗಿಗಿ ಏರ್ತದ" ಎಂದೆ. ರೇಟು ಏರಲಿಲ್ಲ, ಹತ್ತಿ ಮಾತ್ರ ಪಡಸಾಲೆಯ ಗೋಡೆ ಏರಿತು. ಗೋಡೆಯ ಮೇಲಿನ ನಮ್ಮ ಅಪ್ಪನ ಫೋಟೊ ಕುತ್ತಿಗೆಯವರೆಗೆ ಮುಳುಗಿತು. ಮೀಸೆ, ತಲೆಗೆ ಸುತ್ತಿದ ಪಟಗ ಅಷ್ಟೇ ಹೊರಗೆ. ದೇವರ ಜಗಲಿಯೂ ಅಲ್ಲೇ ಇತ್ತು. ಹತ್ತಿಯ ಪಕ್ಕ ದೀಪ ಹಚ್ಚುವಂತಿಲ್ಲವಲ್ಲ, ಆದ್ದರಿಂದ ಶಿವನಿಗೆ ಅಡುಗೆಮನೆಯ ಮೂಲೆಗೆ ವರ್ಗವಾಯಿತು. ಬೇಸಿಗೆ ಕಳೆದದ್ದೇ ತಡ, ಹಳೆಯ ಹತ್ತಿಯಲ್ಲಿ ಕಣ್ಣಿಗೆ ಕಾಣದ ಹುಳ ಎದ್ದು ಮೂವರಿಗೂ ತುರಿಕೆ ಶುರುವಾಯಿತು. ಮಗಳು ಅನ್ನಪೂರ್ಣ ಆಸ್ಪತ್ರೆಯಲ್ಲಿ ನರ್ಸ್. ನನ್ನ ಬೆನ್ನಿಗೆ ಔಷಧಿ ಹಚ್ಚುತ್ತ ಅಂದಳು, "ಅಪ್ಪಾ, ತುರಿಕಿಗಿ ಔಷಧ ಅದ. ನಿನ್ನ 'ಏರ್ತದ' ಅನ್ನೂ ಬ್ಯಾನಿಗಿ ಇಲ್ಲ ನೋಡು."

ಹೀಗಿರುವಾಗ ಸುರಪುರದ ಕಡೆಯ ಚನ್ನಪ್ಪಗೌಡರು, ತಮ್ಮ ಮಗನಿಗೆ ಅನ್ನಪೂರ್ಣನನ್ನು ನೋಡಲು ಭಾನುವಾರ ಬರುತ್ತೇವೆಂದು ಹೇಳಿ ಕಳಿಸಿದರು. ಒಳ್ಳೆಯ ಮನೆತನ, ಹುಡುಗ ಬಸವರಾಜ ಸಂಭಾವಿತ. ಮಗಳೂ ಫೋಟೊ ನೋಡಿ ಬೇಡ ಅಂದಿರಲಿಲ್ಲ. ನೀಲಮ್ಮ ಸೆರಗು ಸಿಕ್ಕಿಸಿ ನಿಂತಳು. "ಬಂದ ಮಂದಿನ್ನ ಎಲ್ಲಿ ಕೂಡಸ್ತೀರಿ? ಹತ್ತಿ ಮ್ಯಾಲೇನು? ಈ ತುರಿಕಿ ಮನಿ ಅಂತ ಹೆಸರಾಗಿ ಈ ಸಂಬಂಧ ತಪ್ಪಿದ್ರ ನಾ ಸುಮ್ನಿರಂಗಿಲ್ಲ."

ಮರುದಿನವೇ ಮಾದರಿಗೆಂದು ಒಂದು ಹಿಡಿ ಹತ್ತಿಯನ್ನು ಕೈಚೀಲದಲ್ಲಿಟ್ಟುಕೊಂಡು ಯಾದಗಿರಿಗೆ, ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿಯ ಮಲ್ಲಣ್ಣನ ಬಳಿಗೆ ಹೋದೆ. ಅವನು ಚೀಲ ಬಿಚ್ಚಿಸಲೂ ಇಲ್ಲ. "ಮಾಸ್ತರ, ಪೇಪರ್ ನೋಡಿಲ್ಲೇನ್ರಿ? ಹೊರದೇಶದ ಹತ್ತಿ ಮ್ಯಾಲಿನ ಸುಂಕ ತಗದಾರ. ಮಿಲ್ಲಿನವ್ರು ಹಡಗಿನ ದಾರಿ ನೋಡಾಕತ್ತಾರ. ರೇಟ್ ಬಿದ್ದದ."

"ಹಡಗ ಇನ್ನಾ ಬಂದಿಲ್ಲಲ್ಲೋ ಮಲ್ಲಣ್ಣಾ?"

"ಹಡಗ ಯಾಕ ಬರಬೇಕ್ರಿ? ಸುದ್ದಿ ಬಂದ್ರ ಸಾಕು."

ಬಸ್ಸಿನಲ್ಲಿ ಕೂತವನಿಗೆ ಮೈಯೆಲ್ಲ ಉರಿ. ಇದು ಹುಳದ ಉರಿಯಲ್ಲ. ದೂರದ ದೇಶದವರು ನಮ್ಮ ಬಟ್ಟೆಗೆ ಸುಂಕ ಏರಿಸಿದರಂತೆ. ನಮ್ಮ ಮಿಲ್ಲುಗಳು ಅತ್ತವಂತೆ. ಅದಕ್ಕೆ ದಿಲ್ಲಿಯವರು ಹೊರಗಿನ ಹತ್ತಿಗೆ ಬಾಗಿಲು ತೆರೆದರಂತೆ. ಓಣಿಯಲ್ಲಿ ಯಾರೋ ದೊಡ್ಡ ಮಗನಿಗೆ ಹೊಡೆದರೆ, ಮನೆಗೆ ಬಂದು ಸಣ್ಣ ಮಗನ ತಾಟಿನ ರೊಟ್ಟಿ ಕಿತ್ತು ಅವನಿಗೆ ಕೊಟ್ಟು ಸಮಾಧಾನ ಮಾಡಿದ ಹಾಗಾಯಿತು. ಹೊಡೆದವನಿಗೆ ಏನೂ ಇಲ್ಲ! ಮಿಲ್ಲಿನ ಅಳು ದಿಲ್ಲಿಗೆ ಕೇಳಿಸುತ್ತದೆ. ಬಿಸಿಲಲ್ಲಿ ಬಗ್ಗಿ ಹತ್ತಿ ಬಿಡಿಸಿದ ಹೆಣ್ಣುಮಕ್ಕಳ ನಡುನೋವು ಗೋಗಿ ದಾಟುವುದಿಲ್ಲ. ಇರಲಿ, ಬಡವರಿಗೆ ಬಟ್ಟೆಯಾದರೂ ಅಗ್ಗವಾಗಿರಬೇಕಲ್ಲ ಎಂದು ಶಹಾಪುರದಲ್ಲಿ ಇಳಿದವನೇ ಬಟ್ಟೆ ಅಂಗಡಿಗೆ ನುಗ್ಗಿದೆ. "ಹತ್ತಿ ಇಳದದ. ಅಂಗಿ ಎಷ್ಟ ಇಳದದ, ತೋರಸಪಾ."

ಅಂಗಡಿಯವನು ಮರ್ಯಾದೆಯಿಂದಲೇ ನಕ್ಕ. "ಇಳಿಯೂ ಸುದ್ದಿ ನಮ್ಮ ತನಕ ಬರಂಗಿಲ್ರಿ ಸರ. ಏರೂದು ಮಾತ್ರ ಅವತ್ತ ಮುಟ್ತದ."

ಸಿಟ್ಟಿನಲ್ಲಿ ಹತ್ತಿ ಮಾರಲಿಲ್ಲ. ಭಾನುವಾರ ಬಂತು. ಪಡಸಾಲೆಗೆ ಬೀಗ ಹಾಕಿ, ಗಾಳಿ ಚೆನ್ನಾಗಿದೆ ಎಂಬ ನೆಪ ಹೇಳಿ, ಬಂದವರನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿದೆ. ಅನ್ನಪೂರ್ಣ ಮಂಡಕ್ಕಿ ಸುಸಲಾ, ಚಹಾ ತಂದಿಟ್ಟಳು. ಎರಡು ಗುಟುಕು ಇಳಿದಿರಲಿಲ್ಲ, ಗೌಡರು ಮೊಣಕೈ ಕೆರೆದುಕೊಂಡರು. ಆಮೇಲೆ ಗೌಡತಿ ಕುತ್ತಿಗೆ. ಆಮೇಲೆ ಹುಡುಗ, ಯಾರೂ ನೋಡದ ಹಾಗೆ, ಕಂಬಕ್ಕೆ ಬೆನ್ನು ಉಜ್ಜಿದ. ಬಾಗಿಲಲ್ಲಿ ನಿಂತ ನೀಲಮ್ಮನ ಕಣ್ಣು ನನ್ನನ್ನು ಸುಡುತ್ತಿತ್ತು. ಸಂಬಂಧ ಮುಗಿಯಿತು ಎಂದುಕೊಂಡು ನಾನು ಕೈಮುಗಿದು, "ಗೌಡ್ರ, ತಪ್ಪಾತ್ರಿ, ನಮ್ಮ ಮನ್ಯಾಗ..." ಎನ್ನುವಷ್ಟರಲ್ಲಿ ಅನ್ನಪೂರ್ಣ ಅಡ್ಡ ಬಂದಳು. ಗೌಡರ ಮೊಣಕೈಯನ್ನು ಆಸ್ಪತ್ರೆಯ ಗತ್ತಿನಲ್ಲೇ ನೋಡಿ ಹೇಳಿದಳು, "ಇದು ಇವತ್ತಿಂದಲ್ರಿ, ತಿಂಗಳ ಮ್ಯಾಲಿಂದದ. ನಿಮ್ಮ ಮನ್ಯಾಗೂ ಹತ್ತಿ ಇಟ್ಟೀರೇನ್ರಿ?"

ಗೌಡರು ನೆಲ ನೋಡಿದರು. "ಎರಡ ಕೋಣಿ ತುಂಬ ಅದವ್ವಾ. ಏರ್ತದ ಅಂತ ಇಟ್ಟಿದ್ನಿ."

"ನಾ ಆಗ್ಲೇ ಮಾರ್ರಿ ಅಂದಿದ್ನಿ. ಈಗ ಮಾಳಿಗಿ ಮ್ಯಾಲ ಮಲಗಾಕತ್ತೇನಿ" ಎಂದ ಬಸವರಾಜ. ಅನ್ನಪೂರ್ಣ ಮೊದಲ ಬಾರಿಗೆ ಅವನನ್ನು ನೇರವಾಗಿ ನೋಡಿ ನಕ್ಕಳು. ಒಳಗೆ ಹೋಗಿ ಔಷಧಿ ಬಾಟಲಿ ತಂದಳು. ಸಂಬಂಧ ಅಲ್ಲೇ ಕೂಡಿತು. ಗೌಡತಿ, ನೀಲಮ್ಮ ಹುಟ್ಟಾ ಅಕ್ಕತಂಗಿಯರಂತೆ ಗಂಡಂದಿರನ್ನು ಬೈಯತೊಡಗಿದರು. ನಾನೂ ಗೌಡರೂ ಕೂಡಿ ದಿಲ್ಲಿಯನ್ನು ಬೈದೆವು. ನಮ್ಮ ದನಿಯೇ ಜೋರಾಗಿತ್ತು, ಆದರೆ ಗೆದ್ದವರು ಅವರು.

ಮದುವೆ ದೀಪಾವಳಿಯ ಮೇಲೆ, ಗೌಡರ ಊರಲ್ಲಿ ಎಂದು ನಿಶ್ಚಯವಾಯಿತು. ಮದುವೆಗೆ ಮೊದಲು ಪಡಸಾಲೆ ಖಾಲಿಯಾಗಬೇಕೆಂಬ ನೀಲಮ್ಮನ ಷರತ್ತಿನಂತೆ, ಮಲ್ಲಣ್ಣ ಹೇಳಿದ ರೇಟಿಗೆ ಹಲ್ಲು ಕಚ್ಚಿ ಹತ್ತಿ ಕೊಟ್ಟೆ. ಪಡಸಾಲೆ ಸಾರಿಸಿ, ದೇವರನ್ನು ಜಗಲಿಗೆ ತಂದೆವು. ಅಪ್ಪ ಪೂರ್ತಿ ಹೊರಗೆ ಬಂದ.

ನಿನ್ನೆ ಗೌಡರ ಫೋನು. "ಬೀಗರ, ಮದುವಿಗಿ ನಮ್ಮ ಮನಿ ತುಂಬ ಮಂದಿ ಬರ್ತಾರ. ನಿಮ್ಮ ಪಡಸಾಲಿ ಖಾಲಿ ಆಗೇದಂತಲ್ಲ? ನಮ್ಮ ಹತ್ತಿ ನಾಕ ದಿನ ಇಡಬೌದೇನ್ರಿ? ಸುಂಕ ಮತ್ತ ಹಾಕ್ತಾರಂತ ಸುದ್ದಿ ಅದ."

ಇಷ್ಟು ಅನುಭವಿಸಿದ ಮನುಷ್ಯ ಏನು ಹೇಳಬೇಕು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತಿತ್ತು. ನೀಲಮ್ಮ ಹಿತ್ತಲಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು, "ತರ್ರಿ ಗೌಡ್ರ, ಏರ್ತದ" ಎಂದೆ. ಅಪ್ಪನ ಫೋಟೊವನ್ನು ಮಾತ್ರ ಈ ಸಲ ಮೊದಲೇ ಎರಡು ಮೊಳ ಮೇಲೆ ತೂಗುಹಾಕಿದ್ದೇನೆ.